ಮನೆಯ ಶೆಡ್ಡಿನಲ್ಲಿ ಬಿಚ್ಚಿ ಕಟ್ಟುವವರಿಗೆ ಮಾರುತಿ ಜಿಪ್ಸಿ: ಒಂದು ವಿಮರ್ಶೆ

ಹಳೆಯ ಫೋರ್‌ವ್ಹೀಲ್ ಡ್ರೈವ್ ಗಾಡಿಯೊಂದನ್ನು ಕೊಂಡು, ಮನೆಯ ಶೆಡ್ಡಿನಲ್ಲೇ ಬಿಚ್ಚಿ ಸರಿಪಡಿಸಿ ಮತ್ತೆ ರಸ್ತೆಗೆ ಇಳಿಸಬೇಕೆನ್ನುವವರ ಮುಂದೆ ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಮಹೀಂದ್ರದ ಹಳೆಯ ಡೀಸೆಲ್ ಜೀಪು, ಇನ್ನೊಂದು ಮಾರುತಿ ಜಿಪ್ಸಿ. ತೋಟದಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ ಹೊರುವ ಕೆಲಸವೇ ಮುಖ್ಯವಾಗಿದ್ದರೆ ಜೀಪನ್ನು ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಆದರೆ ಗ್ಯಾರೇಜಿನ ಸೌಕರ್ಯವಿಲ್ಲದೆ, ಇಬ್ಬರು ಸೇರಿ ಭಾನುವಾರಗಳಲ್ಲಿ ಮಾಡುವ ಕೆಲಸಕ್ಕೆ ಜಿಪ್ಸಿಯಷ್ಟು ಒಗ್ಗುವ ಗಾಡಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಕಲೇಶಪುರದ ನಮ್ಮ ಮನೆಯ ಶೆಡ್ಡಿನಲ್ಲಿ ತಮ್ಮನ ಜೊತೆ ಸೇರಿ ಜಿಪ್ಸಿಯ ಕಿಂಗ್ ಮಾದರಿಯ ಸಾಫ್ಟ್‌ಟಾಪ್ (ಕ್ಯಾನ್ವಾಸ್ ಹೊದಿಕೆಯ) ಗಾಡಿಯೊಂದನ್ನು ಚಾಸಿಯವರೆಗೆ ಬಿಚ್ಚಿ ಮತ್ತೆ ಕಟ್ಟಿದ ಅನುಭವದ ಆಧಾರದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಮಾದರಿಗಳ ವ್ಯತ್ಯಾಸ ತಿಳಿದಿರಬೇಕು. 1985ರ ಕೊನೆಯಲ್ಲಿ ಬಂದ ಮೊದಲ ಜಿಪ್ಸಿ ಎಂಜಿ410ರಲ್ಲಿ 970 ಸಿಸಿಯ ಎಂಜಿನ್ ಮತ್ತು ನಾಲ್ಕು ಗೇರುಗಳಿದ್ದವು. 1996ರಲ್ಲಿ ಜಿಪ್ಸಿ ಕಿಂಗ್ ಎಂಬ ಹೆಸರಿನಲ್ಲಿ ಬಂದ ಎಂಜಿ413ಡಬ್ಲ್ಯೂ ಮಾದರಿಗೆ 1298 ಸಿಸಿಯ, 60 ಅಶ್ವಶಕ್ತಿಯ ಕಾರ್ಬ್ಯುರೇಟರ್ ಎಂಜಿನ್ ಮತ್ತು ಐದು ಗೇರುಗಳು ಸಿಕ್ಕವು. 2000ದಲ್ಲಿ ಕಿಂಗ್‌ನ ಅದೇ ಸಾಮರ್ಥ್ಯದ ಎಂಜಿನ್ 16 ವಾಲ್ವುಗಳ ಎಂಪಿಎಫ್‌ಐ (ಎಲೆಕ್ಟ್ರಾನಿಕ್ಸ್ ಮೂಲಕ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಆಗಿ 80 ಅಶ್ವಶಕ್ತಿಗೆ ಏರಿತು. 410 ಮುದ್ದಾದ ಗಾಡಿಯೇನೋ ಹೌದು, ಆದರೆ ಇಬ್ಬರು ಕೂತು ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಅದರ ಎಂಜಿನ್ ಪಡುವ ಪಾಡನ್ನು ನೋಡಿದವರು ಅದನ್ನು ಸಂಗ್ರಹಕ್ಕಷ್ಟೇ ಕೊಳ್ಳುವುದು ಒಳ್ಳೆಯದು. ದಿನಬಳಕೆಗೆ ಎಂಪಿಎಫ್‌ಐ ಕಿಂಗ್ ಸಾಕು. ಎಲೆಕ್ಟ್ರಾನಿಕ್ಸ್ ಬೇಡವೆನ್ನುವವರಿಗೆ ಕಾರ್ಬ್ಯುರೇಟರಿನ 413 ಸರಿಹೋಗುತ್ತದೆ.

ಮನೆಗೆಲಸಕ್ಕೆ ಈ ಗಾಡಿ ಒಗ್ಗುವುದು ಮುಖ್ಯವಾಗಿ ತೂಕದಿಂದ. ಸಾಫ್ಟ್‌ಟಾಪ್ ಕಿಂಗ್‌ನ ಖಾಲಿ ತೂಕ 985 ಕಿಲೋ. ಬಾಡಿಯು ಏಣಿಯಾಕಾರದ ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ನಡುವೆ ಬೋಲ್ಟುಗಳಿಂದ ಕೂತಿರುತ್ತದೆ. ವೈರಿಂಗ್, ಬ್ರೇಕ್ ಪೈಪು, ಸ್ಟೀರಿಂಗ್ ಶಾಫ್ಟು ಮತ್ತು ಗೇರ್ ಲಿವರುಗಳನ್ನು ಬಿಡಿಸಿ, ಸೀಟು, ಬಾಗಿಲು, ಬಾನೆಟ್‌ಗಳನ್ನು ತೆಗೆದಿಟ್ಟರೆ ಉಳಿದ ಬಾಡಿಯನ್ನು ತೋಟದ ಕೆಲಸಕ್ಕೆ ಬಂದವರ ಸಹಾಯದಿಂದ ಕೈಯಲ್ಲೇ ಎತ್ತಿ ಪಕ್ಕಕ್ಕೆ ಇಡಬಹುದು. ಎಂಜಿನ್ನಿಗೆ ಒಂದು ಚೈನ್ ಪುಲ್ಲಿ ಸಾಕು. ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್ಟು, ಸಾಕೆಟ್ ಸೆಟ್ಟು, ಒಂದು ಟಾರ್ಕ್ ರೆಂಚ್, ಗಟ್ಟಿಯಾದ ನಾಲ್ಕು ಆಕ್ಸಲ್ ಸ್ಟ್ಯಾಂಡುಗಳು ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಬೇರಿಂಗು, ಬುಷ್ ಒತ್ತಲು ಮಾತ್ರ ನಾವು ಪೇಟೆಯ ಲೇತ್ ಅಂಗಡಿಗೆ ಹೋಗಬೇಕಾಯಿತು.

ಈ ಗಾಡಿಯ ದೊಡ್ಡ ಶತ್ರು ತುಕ್ಕು. ವರ್ಷಕ್ಕೆ ನಾಲ್ಕು ತಿಂಗಳು ಒದ್ದೆಯಾಗಿಯೇ ಇರುವ ಮಲೆನಾಡಿನಲ್ಲಾಗಲಿ, ಉಪ್ಪು ಗಾಳಿಯ ಕರಾವಳಿಯಲ್ಲಾಗಲಿ ಓಡಾಡಿದ ಜಿಪ್ಸಿಯನ್ನು ಹೊರಗಿನ ಬಣ್ಣ ನೋಡಿ ಕೊಂಡರೆ ಖಂಡಿತ ನಷ್ಟವಾಗುತ್ತದೆ. ತೆಳು ತಗಡಿನ ಬಾಡಿಯಲ್ಲಿ ಕಾಲಿಡುವ ಜಾಗದ ಮ್ಯಾಟಿನ ಕೆಳಗೆ, ಹಿಂಚಕ್ರದ ಕಮಾನಿನ ಒಳಬದಿಯಲ್ಲಿ, ಮುಂಗಾಜಿನ ಚೌಕಟ್ಟಿನ ಬುಡದಲ್ಲಿ ಮತ್ತು ಬ್ಯಾಟರಿ ಕೂರುವ ತಟ್ಟೆಯಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುತ್ತದೆ. ಇವೆಲ್ಲ ತಗಡಿನ ಕೆಲಸ. ಒಳ್ಳೆಯ ಟಿಂಕರ್ ಸಿಕ್ಕರೆ ಕತ್ತರಿಸಿ ಹೊಸ ತುಂಡು ಹಾಕಬಹುದು. ನಿಜವಾಗಿ ನೋಡಬೇಕಾದದ್ದು ಚಾಸಿಯ ಹಿಂಭಾಗದ ಅಡ್ಡಪಟ್ಟಿ ಮತ್ತು ಸ್ಪ್ರಿಂಗ್ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಬ್ರಾಕೆಟ್ಟುಗಳ ಸುತ್ತಲಿನ ಜಾಗ. ನಾವು ಕೊಂಡ ಗಾಡಿಗೆ ಹಿಂದಿನ ಮಾಲೀಕರು ಹೊಸ ಬಣ್ಣ ಹೊಡೆಸಿದ್ದರು. ಹೊಳಪೇನೋ ಕಣ್ಣು ಕುಕ್ಕುವಂತಿತ್ತು. ಹಿಂದಿನ ಮೂಲೆಯಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಬ್ಬಿಣದ ಖಣ್ ಎನ್ನುವ ಸದ್ದಿನ ಬದಲು ದಪ್ ಎಂದಿತು. ಉಳಿಯಿಂದ ಕೆರೆದಾಗ ಬೆರಳು ದಪ್ಪದ ಪುಟ್ಟಿ ಹೋಳುಹೋಳಾಗಿ ಉದುರಿತು. ಅದರ ಹಿಂದೆ ತಗಡೇ ಇರಲಿಲ್ಲ, ಕಂದು ಬಣ್ಣದ ಪುಡಿಯಷ್ಟೇ ಇತ್ತು. ಹಾಗಾಗಿ ಗಾಡಿ ನೋಡಲು ಹೋಗುವಾಗ ಒಂದು ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ ಮತ್ತು ಟಾರ್ಚು ಜೇಬಿನಲ್ಲಿರಲಿ. ಪುಟ್ಟಿ ಮೆತ್ತಿದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಬಾಡಿಯ ತುಕ್ಕಿಗೆ ಬೆಲೆ ಇಳಿಸಿ ಕೊಳ್ಳಬಹುದು, ಚಾಸಿ ತುಕ್ಕು ಹಿಡಿದಿದ್ದರೆ ಗಾಡಿಯನ್ನೇ ಬಿಟ್ಟು ಬರಬೇಕು.

ಬಾಡಿ ಎತ್ತಿಟ್ಟ ಮೇಲೆ ಚಾಸಿಯನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಡೀಗ್ರೀಸರ್‌ನಿಂದ ತೊಳೆದು, ಎಪಾಕ್ಸಿ ಪ್ರೈಮರ್ ಹೊಡೆದು, ಟೊಳ್ಳಾದ ಒಳಭಾಗಕ್ಕೆ ಮೇಣದಂಥ ತುಕ್ಕುನಿರೋಧಕವನ್ನು ಉದ್ದ ನಳಿಕೆಯಿಂದ ಸಿಂಪಡಿಸಬೇಕು. ಹೊರಗೆ ಎಷ್ಟೇ ಬಣ್ಣ ಬಳಿದರೂ ಒಳಗಿನಿಂದ ತಿನ್ನುವ ತುಕ್ಕನ್ನು ಅದು ತಡೆಯುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ.

ಯಾಂತ್ರಿಕ ಭಾಗಗಳಲ್ಲಿ ಹೆಚ್ಚು ತಾಳ್ಮೆ ಬೇಡುವುದು ಮುಂದಿನ ಆಕ್ಸಲ್. ಐವತ್ತು ಅರವತ್ತರ ವೇಗದಲ್ಲಿ ಒಂದು ಗುಂಡಿಗೆ ಇಳಿದೊಡನೆ ಸ್ಟೀರಿಂಗ್ ಹುಚ್ಚು ಹಿಡಿದಂತೆ ಅಲ್ಲಾಡತೊಡಗಿದರೆ ಹಲವರು ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಸುಮ್ಮನಾಗುತ್ತಾರೆ. ಬಹಳ ಸಲ ಮೂಲ ಕಾರಣ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ, ಅಂದರೆ ಕಿಂಗ್‌ಪಿನ್ನಿನ, ಬೇರಿಂಗ್ ಸವೆದಿರುವುದು. ಪರೀಕ್ಷೆ ಸರಳ: ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು, ಆಟ (ಸಡಿಲ) ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಆಟ ನಿಂತರೆ ಅದು ವ್ಹೀಲ್ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಬೇರಿಂಗ್ ಬದಲಿಸುವಾಗ ಶಿಮ್‌ಗಳನ್ನು (ಸಂದು ತುಂಬುವ ತೆಳು ಬಿಲ್ಲೆಗಳನ್ನು) ಎಣಿಸಿ ಅದೇ ಜಾಗಕ್ಕೆ ಹಾಕಿದರೆ ಸಾಲದು. ಹೊಸ ಬೇರಿಂಗಿಗೆ ತಕ್ಕಂತೆ ಬಿಗಿತವನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿ, ಸರ್ವಿಸ್ ಪುಸ್ತಕದ ಅಳತೆಗೆ ಹೊಂದಿಸಬೇಕು. ಇದೇ ಹೊತ್ತಿನಲ್ಲಿ ಒಳಗಿನ ಆಕ್ಸಲ್ ಆಯಿಲ್ ಸೀಲನ್ನೂ ಬದಲಿಸಿಬಿಡಬೇಕು. ಅದು ಸೋರಿದರೆ ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆಯ) ಎಣ್ಣೆ ಚಕ್ರದ ಬಳಿಯ ಗುಂಡಿನಾಕಾರದ ಕೀಲಿನೊಳಗಿನ ಗ್ರೀಸಿನೊಂದಿಗೆ ಬೆರೆತು, ಕಪ್ಪಾದ ತೆಳು ರಸವಾಗಿ ಚಕ್ರದ ಒಳಬದಿಗೆ ಇಳಿಯುತ್ತದೆ. ಸಂಜೆಯ ಹೊತ್ತು ಅವಸರದಲ್ಲಿ ಮುಗಿಸುವ ಕೆಲಸ ಇದಲ್ಲ.

ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ, ಮೂರು ರಬ್ಬರ್ ಮೌಂಟುಗಳ ಮೇಲೆ ಚಾಸಿಗೆ ತೂಗಿಕೊಂಡಿದೆ. ಕ್ಲಚ್ ಬಿಡುವಾಗ ಕೇಳುವ ಗಡಗಡ ಸದ್ದಿಗೆ ಅನೇಕ ಸಲ ಆ ರಬ್ಬರುಗಳೇ ಕಾರಣವಾಗಿರುತ್ತವೆ. ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಹೋಸುಗಳನ್ನು ಬದಲಿಸಿ, ರೇಡಿಯೇಟರನ್ನು ತೊಳೆಸಿದರೆ ಅದು ತನ್ನ ಪಾಡಿಗೆ ತಾನು ಓಡುತ್ತದೆ.

ಬಿಡಿಭಾಗಗಳ ಲಭ್ಯತೆಯಲ್ಲಿ ಜಿಪ್ಸಿಗೆ ಪೂರ್ಣ ಅಂಕ ಕೊಡುತ್ತೇನೆ. ಉತ್ಪಾದನೆ ನಿಂತು ವರ್ಷಗಳೇ ಕಳೆದರೂ ಸೇನೆ, ಪೊಲೀಸ್, ಅರಣ್ಯ ಇಲಾಖೆಗಳಲ್ಲಿ ಲೆಕ್ಕವಿಲ್ಲದಷ್ಟು ಗಾಡಿಗಳು ಓಡಿರುವುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ್ದು ಸಾಮಾನ್ಯವಾಗಿ ಸಿಗುತ್ತದೆ. ಬೇರಿಂಗ್, ಸೀಲ್, ಬ್ರೇಕ್ ಭಾಗಗಳನ್ನು ಹೊಸದಾಗಿಯೇ, ಒಳ್ಳೆಯ ಕಂಪನಿಯದ್ದನ್ನೇ ಕೊಳ್ಳಬೇಕು. ಬಾಗಿಲು, ಬಾನೆಟ್, ಸೀಟಿನ ಚೌಕಟ್ಟುಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಬಹುದು.

ಇನ್ನು ರೂಪಾಂತರದ ವಿಷಯ. ಹೆಚ್ಚಿನವರ ದುಡ್ಡು ಮೊದಲು ಹೋಗುವುದು ದೊಡ್ಡ ಟಯರಿಗೆ. ಕಿಂಗ್‌ನ ಮೂಲ ಅಳತೆ 205/70 ಆರ್15. ಅದರ ಎತ್ತರ ಸುಮಾರು 668 ಮಿಲಿಮೀಟರ್. 215/75 ಆರ್15 ಹಾಕಿದರೆ ಎತ್ತರ 703ಕ್ಕೆ, 235/75 ಆರ್15 ಹಾಕಿದರೆ 733ಕ್ಕೆ ಏರುತ್ತದೆ. ಆದರೆ ಆಕ್ಸಲ್ ನೆಲದಿಂದ ಮೇಲೇಳುವುದು ಇದರ ಅರ್ಧದಷ್ಟು ಮಾತ್ರ. ಅಂದರೆ ದೊಡ್ಡ ಟಯರಿನಿಂದಲೂ ಸಿಗುವ ಲಾಭ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಪ್ರತಿಯಾಗಿ ಗೇರಿಂಗ್ ಹತ್ತು ಶೇಕಡದಷ್ಟು ಉದ್ದವಾಗಿ, ಮೊದಲೇ ಕಡಿಮೆ ಟಾರ್ಕಿನ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಟಯರು ಫೆಂಡರಿಗೆ ಉಜ್ಜುತ್ತದೆ. ಉಜ್ಜುವುದನ್ನು ತಪ್ಪಿಸಲು ಉದ್ದನೆಯ ಶಾಕಲ್ ಹಾಕಿಸಿದರೆ ಮುಂದಿನ ಆಕ್ಸಲ್ ವಾಲಿ, ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ಒರಗಿರುವ ಕೋನ) ಕಡಿಮೆಯಾಗಿ, ಕಷ್ಟಪಟ್ಟು ಹೋಗಲಾಡಿಸಿದ ಸ್ಟೀರಿಂಗ್ ಅಲುಗಾಟ ಮರಳಿ ಬರುತ್ತದೆ. 205ರ ಅಳತೆಯಲ್ಲೇ ಒಳ್ಳೆಯ ಆಲ್‌ಟೆರೇನ್ ಟಯರು, ಹೊಸ ಲೀಫ್ ಸ್ಪ್ರಿಂಗ್ ಬುಷ್, ಗಟ್ಟಿಯಾದ ಶಾಕ್ ಅಬ್ಸಾರ್ಬರ್ ಇವಿಷ್ಟಕ್ಕೇ ನಾವು ನಿಂತೆವು. ಮಳೆಗಾಲದ ಜೇಡಿಮಣ್ಣಿನ ತೋಟದ ದಾರಿಯಲ್ಲಿ, ವೇಗ ಕಡಿಮೆ, ಎಳೆತ ಹೆಚ್ಚು ಇರುವ ಲೋ ರೇಂಜಿನ ಎರಡನೆಯ ಗೇರಿನಲ್ಲಿ ಈ ಹಗುರ ಗಾಡಿ ಹೂತುಕೊಳ್ಳದೆ ತೇಲಿಕೊಂಡೇ ಹೋಗುವುದನ್ನು ನೋಡಿದರೆ ಹೆಚ್ಚಿನದೇನೂ ಬೇಕೆನಿಸುವುದಿಲ್ಲ. ಆಕ್ಸಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲದಿರುವುದರಿಂದ ಎದುರುಬದುರು ಮೂಲೆಯ ಎರಡು ಚಕ್ರಗಳು ಹಿಡಿತ ಕಳೆದುಕೊಂಡಾಗ ಮಾತ್ರ ನಿಂತುಬಿಡುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಸಂಯಮ ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸೇನೆಯ ಹರಾಜಿನಿಂದ ಬಂದ ಗಾಡಿಗಳನ್ನು ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಣ್ಣ ಇರಕೂಡದು. ಆ ಬಣ್ಣದ ಮೋಹ ಎಷ್ಟೇ ಇದ್ದರೂ ಬೇರೆ ಬಣ್ಣ ಹೊಡೆಸಿ, ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳುವುದೇ ಕ್ರಮ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ನಾಲ್ಕೂ ಮೂಲೆಗಳಲ್ಲಿ ಲೀಫ್ ಸ್ಪ್ರಿಂಗ್ ಇರುವುದರಿಂದ ಎಷ್ಟೇ ಚೆನ್ನಾಗಿ ಕಟ್ಟಿದರೂ ಸವಾರಿ ಒರಟೇ. ಪವರ್ ಸ್ಟೀರಿಂಗ್ ಇಲ್ಲದೆ ಪೇಟೆಯಲ್ಲಿ ತಿರುಗಿಸಿ ನಿಲ್ಲಿಸುವುದಕ್ಕೆ ತೋಳಿನ ಬಲ ಬೇಕು. ಹೆದ್ದಾರಿಯಲ್ಲಿ ಎಂಬತ್ತು ದಾಟಿದ ಮೇಲೆ ಕ್ಯಾನ್ವಾಸಿನ ಪಟಪಟ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಹಿಂದಿನ ಸೀಟುಗಳು ಎದುರುಬದುರಾಗಿವೆ. ಮಕ್ಕಳನ್ನು ಅಲ್ಲಿ ಕೂರಿಸಿ ದೂರ ಪ್ರಯಾಣ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇಂಥ ಸೌಕರ್ಯಗಳು ಬೇಕೆನ್ನುವವರು 2023ರಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿಯನ್ನು ನೋಡುವುದು ಮೇಲು. ವಂಶ ಒಂದೇ, ಸ್ಪ್ರಿಂಗ್ ಮಾತ್ರ ಕಾಯಿಲ್.

ಕೊನೆಯದಾಗಿ ದಾಖಲೆಗಳು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಆಯಿತು. ತಪಾಸಣೆಯ ವೇಳೆ ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ತೆಗೆಯುತ್ತಾರೆ. ಆದ್ದರಿಂದ ಚಾಸಿ ಉಜ್ಜುವ ಮೊದಲೇ ಆ ಸಂಖ್ಯೆಯನ್ನು ಹುಡುಕಿ, ಫೋಟೊ ತೆಗೆದಿಟ್ಟುಕೊಂಡು, ಆ ಜಾಗಕ್ಕೆ ಗ್ರೈಂಡರ್ ತಾಗಿಸದೆ ಕೈಯಿಂದಲೇ ಸ್ವಚ್ಛಗೊಳಿಸಿ, ಮೇಲೆ ತೆಳುವಾಗಿ ಒಂದೇ ಕೋಟು ಬಣ್ಣ ಹೊಡೆಯಬೇಕು.