ರೀಲಿನ ಪಿನ್ನು, ಸರ್ವೆ ನಕ್ಷೆ, ಗೂಡಂಗಡಿ ಬೆಂಚು

ಯಾರೂ ಹೋಗದ ಈಜುಗುಂಡಿ ಹುಡುಕೋಕೆ ಈ ಮೂರರಲ್ಲಿ ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಗೂಡಂಗಡಿ ಬೆಂಚಿಗೆ. ಮಿಕ್ಕ ಎರಡನ್ನೂ ನಂಬಿ ದುಡ್ಡು, ನಿದ್ದೆ ಕಳೆದುಕೊಂಡು, ಇಂಬಳ ಕಚ್ಚಿಸಿಕೊಂಡು ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಈಜುಕೊಳಕ್ಕೆ ಹೋಗುತ್ತೇನೆ. ಒಂದು ಲೇನಿನಲ್ಲಿ ಆರು ಜನ, ಕಣ್ಣಿಗೆ ಕ್ಲೋರಿನ್, ನಲವತ್ತೈದು ನಿಮಿಷಕ್ಕೆ ವಿಷಲ್. ವರ್ಷಕ್ಕೊಮ್ಮೆಯಾದರೂ ಘಟ್ಟದ ಹಳ್ಳದಲ್ಲಿ, ವಿಷಲ್ ಇಲ್ಲದ ನೀರಲ್ಲಿ ಸುಮ್ನೆ ಬಿದ್ದುಕೊಂಡಿರಬೇಕು ಅಂತ ಆಸೆ. ಹೆಸರಾದ ಅಬ್ಬಿಗಳಿಗೆ ಶನಿವಾರ ಹೋದರೆ ಸಿಗೋದು ಪಾರ್ಕಿಂಗ್ ಜಗಳ ಮತ್ತು ಖಾಲಿ ಚಿಪ್ಸ್ ಪ್ಯಾಕೆಟ್. ಹಾಗಾಗಿ ಯಾರೂ ಹೋಗದ ಒಂದು ಗುಂಡಿ ಹುಡುಕೋಣ ಅಂತ ಸಕಲೇಶಪುರದ ಕಡೆ ಹೊರಟೆ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಹಾಸನ ದಾಟಿದರೆ ಬಂದೇಬಿಟ್ಟಿತು.

ಮೊದಲನೆಯದು ರೀಲು. ಇದು ನನ್ನ ಭಾಮೈದನ ಶೋಧ. ಹಸಿರು ನೀರು, ಮೇಲೆ ಬಾಗಿದ ಬಿದಿರು, ಹಿನ್ನೆಲೆಗೆ ಕೊಳಲು. ಲೊಕೇಶನ್ ಕೂಡ ಹಾಕಿದ್ದರು. "ಒತ್ತಿದ್ರೆ ಸೀದಾ ಮ್ಯಾಪು ಭಾವ, ಯಾರನ್ನೂ ಕೇಳೋ ರಗಳೆನೇ ಇಲ್ಲ" ಅಂದ. ಅಕ್ಟೋಬರ್ ಕೊನೆಯಲ್ಲಿ ಇಬ್ಬರೂ ಹೊರಟೆವು.

ಮ್ಯಾಪು ನಮ್ಮನ್ನು ಡಾಂಬರು ರಸ್ತೆ ಬಿಡಿಸಿ, ಜಲ್ಲಿ ರಸ್ತೆಗೆ ಇಳಿಸಿ, ಕೊನೆಗೆ ಕಾಫಿ ತೋಟದ ನಡುವಿನ ಒಂದು ಹಾದಿಗೆ ತಂದುಬಿಟ್ಟಿತು. ಅಗಲ ಸರಿಯಾಗಿ ಒಂದು ಕಾರಿನಷ್ಟು. ಒಂದು ಕಡೆ ದರೆ, ಇನ್ನೊಂದು ಕಡೆ ಚರಂಡಿ. ಸುಮಾರು ಒಂದು ಕಿಲೋಮೀಟರ್ ಒಳಗೆ ಹೋದ ಮೇಲೆ ಕಬ್ಬಿಣದ ಗೇಟು. ಗೇಟಿಗೆ ಬೀಗ. ತಲುಪಿದಿರಿ ಅಂತ ಫೋನು ಹೇಳಿತು.

ತೋಟದ ಲೆಕ್ಕ ನೋಡುವ ರೈಟರ್ ಬಂದರು. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು. ಅವರ ಮುಖದಲ್ಲಿ ಬರೀ ಸುಸ್ತು. "ಫಾಲ್ಸಾ ಸಾರ್? ಇಲ್ಲಿ ಯಾವ ಫಾಲ್ಸೂ ಇಲ್ಲ. ಈ ವಾರ ನಿಮ್ಮದು ಐದನೇ ಕಾರು." ತಿರುಗಿಸಲು ಗೇಟು ತೆಗೀತೀರಾ ಅಂದೆ. ಬೀಗದ ಕೈ ಸಾಹುಕಾರರ ಹತ್ತಿರ ಇದೆಯಂತೆ, ಸಾಹುಕಾರರು ಹಾಸನಕ್ಕೆ ಹೋಗಿದ್ದಾರಂತೆ. "ರಿವರ್ಸೇ ಹೋಗ್ಬೇಕು ಸಾರ್. ಎಲ್ಲರೂ ಹಂಗೇ ಹೋದ್ರು."

ಒಂದು ಕಿಲೋಮೀಟರ್ ರಿವರ್ಸ್ ಹೋಗಿದ್ದೀರಾ? ಏರು ಹಾದಿಯಲ್ಲಿ, ಜಿನುಗು ಮಳೆಯಲ್ಲಿ? ಹಿಂದಿನ ಕ್ಯಾಮೆರಾಕ್ಕೆ ಕೆಸರು ಮೆತ್ತಿಕೊಂಡಿತ್ತು. ಭಾಮೈದ ಹಿಂದೆ ನಡೆಯುತ್ತಾ ಕೈಸನ್ನೆ ಮಾಡುತ್ತಿದ್ದ. ಆದರೆ ಅವನ ಎಡ ಅಂದರೆ ನನ್ನ ಎಡವೋ ಬಲವೋ ಅನ್ನೋದು ಕೊನೆವರೆಗೂ ತೀರ್ಮಾನ ಆಗಲಿಲ್ಲ. ಎರಡು ಸಲ ಹಿಂದಿನ ಚಕ್ರ ಚರಂಡಿಗೆ ಇಣುಕಿತು. ಅರ್ಧ ದಾರಿಯಲ್ಲಿ ಕೆಲಸದವರನ್ನು ಕರೆತರುವ ಪಿಕಪ್ ಎದುರಾಯಿತು. ಪಾಪ, ನಮಗಾಗಿ ಅದೂ ರಿವರ್ಸ್ ಹೋಯಿತು. ಗಾಡಿಯಲ್ಲಿದ್ದ ಹೆಂಗಸರು ನಮ್ಮನ್ನು ನೋಡಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಟಾರು ರಸ್ತೆ ಮುಟ್ಟುವಷ್ಟರಲ್ಲಿ ಐವತ್ತು ನಿಮಿಷ. ಕಾರಿನೊಳಗೆ ಕ್ಲಚ್ ಸುಟ್ಟ ವಾಸನೆ, ಭಾಮೈದನ ಕಾಲಿಗೆ ಏಳು ಇಂಬಳ. ಮುಂದಿನ ತಿಂಗಳು ಬೆಂಗಳೂರಲ್ಲಿ ಕ್ಲಚ್ ಪ್ಲೇಟಿನ ಬಿಲ್ಲು ಹನ್ನೊಂದು ಸಾವಿರ ರೂಪಾಯಿ ಆಯಿತು. ಅವತ್ತು ನಾವು ಒದ್ದೆಯಾಗಿದ್ದು ಮಳೆಯಲ್ಲಿ ಮಾತ್ರ.

ಅಷ್ಟು ಒದ್ದಾಡಿದ ಮೇಲೆ ರೀಲನ್ನು ಇನ್ನೊಮ್ಮೆ ನೋಡಿದೆ. ಯಾವ ತಿಂಗಳು, ಎಷ್ಟು ಆಳ, ಅಡಿಯಲ್ಲಿ ಮರಳೋ ಬಂಡೆಯೋ, ಒಂದೂ ಹೇಳಿಲ್ಲ. ಕೊಳಲು ಮಾತ್ರ ಚೆನ್ನಾಗಿದೆ.

ಎರಡನೆಯದು ನಕ್ಷೆ. ಉಪಗ್ರಹದ ಚಿತ್ರ ಈ ಕೆಲಸಕ್ಕೆ ದಂಡ. ಘಟ್ಟದಲ್ಲಿ ಹಳ್ಳದ ಮೇಲೆಲ್ಲಾ ಮರ, ಮೇಲಿಂದ ಕಾಣೋದು ಹಸಿರು ಕೋಸುಗಡ್ಡೆ. ಹಾಗಾಗಿ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ಸರ್ಕಾರಿ ನಕ್ಷೆ ಹಿಡಿದೆ. ಅವರ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಹಳೆಯ ಸಂಖ್ಯೆಯಲ್ಲಿ ಸಕಲೇಶಪುರದ ಹಾಳೆ 48 ಪಿ/13. ನಕ್ಷೆಯ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೆವಲ್ಲ, ಆ ಕಂದು ಗೆರೆಗಳು 20 ಮೀಟರ್ ಎತ್ತರಕ್ಕೊಂದು. ನೀರು ಇರುವ ಹಳ್ಳಕ್ಕೆ ನೀಲಿ ಬಣ್ಣ, ಒಣಗುವ ಹಳ್ಳಕ್ಕೆ ಕಪ್ಪು.

ಈ ಹಾಳೆ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನೀಲಿ ಗೆರೆಯನ್ನು ಕಂದು ಗೆರೆಗಳು ಒತ್ತೊತ್ತಾಗಿ ದಾಟಿದರೆ ಅಲ್ಲಿ ನೀರು ಧುಮುಕುತ್ತಿದೆ ಅಂತ ಅರ್ಥ. ಅದರ ಕೆಳಗೆ ಗೆರೆಗಳು ದೂರವಾದರೆ ನೀರು ನಿಧಾನ ಆಗುತ್ತದೆ, ಅಂಥ ಕಡೆ ಗುಂಡಿ ಇರಬಹುದು. ನಾಲ್ಕು ರಾತ್ರಿ ಕೂತು ಎರಡು ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಒಂದು ತೊಂದರೆ ಇದೆ. ಹದಿನೈದು ಮೀಟರಿನ ಅಬ್ಬಿ ಕೂಡ ಎರಡು ಗೆರೆಗಳ ನಡುವೆ ಮಾಯವಾಗಿಬಿಡಬಹುದು.

ಮಾರ್ಚ್‌ನಲ್ಲಿ ಮತ್ತೆ ಹೋದೆವು. ಮೊದಲನೇ ಸುತ್ತಿನ ಜಾಗ ನಕ್ಷೆ ಹೇಳಿದಲ್ಲೇ ಇತ್ತು. ಬಂಡೆ, ಇಳಿಜಾರು, ಅದರ ಕೆಳಗೆ ದುಂಡನೆಯ ಗುಂಡಿ. ನೀರು ಮಾತ್ರ ಕಣಕಾಲಿಗೆ. ನೀಲಿ ಗೆರೆ ಅಂತ ನಂಬಿ ಬಂದಿದ್ದೆ! ಹಳ್ಳ ಹಿಡಿದು ಮೇಲಕ್ಕೆ ಹೋದಾಗ ಕಾರಣ ಸಿಕ್ಕಿತು. ಡಬಡಬ ಅಂತ ಡೀಸೆಲ್ ಪಂಪು ಓಡುತ್ತಿತ್ತು. ಫೆಬ್ರವರಿ, ಮಾರ್ಚ್ ಅಂದರೆ ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುವ ಕಾಲ. ನನ್ನ ಈಜುಗುಂಡಿಯ ನೀರೆಲ್ಲ ಯಾರದೋ ತೋಟದ ಮೇಲೆ ಮಳೆಯಾಗಿ ಬೀಳುತ್ತಿತ್ತು.

ಅಲ್ಲೇ ತಲೆಗೆ ಹೊಳೆಯಿತು. ಬೇಸಿಗೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅನ್ನೋದು ಪಂಪು ಇಡುವವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಭಾನುವಾರ ಬೆಳಿಗ್ಗೆ ಒಂದು ಗೂಡಂಗಡಿ ಬೆಂಚಿನ ಮೇಲೆ ಕೂತೆವು. ಹೋದ ಕೂಡಲೇ ಭಾಮೈದ "ಇಲ್ಲಿ ಸ್ವಿಮ್ಮಿಂಗ್‌ಗೆ ಯಾವುದಾದ್ರೂ ಜಾಗ ಇದೆಯಾ?" ಅಂತ ಕೇಳಿ ಕೆಲಸ ಕೆಡಿಸಿದ್ದ. "ಇಲ್ಲ" ಅಂದರು ಅಂಗಡಿಯವರು. ಇನ್ನೇನು ಹೇಳಿಯಾರು? ಬೆಂಗಳೂರಿಂದ ಬಂದ ಹುಡುಗ ಮುಳುಗಿಹೋದರೆ ಹೆಣ ಎತ್ತಬೇಕಾದವರು, ಪೊಲೀಸರಿಗೆ ಉತ್ತರ ಕೊಡಬೇಕಾದವರು ಅವರೇ ಅಲ್ವಾ. ನಾನು ಎರಡನೇ ಕಾಫಿ ಹೇಳಿದೆ. ಬೆಂಚಿನ ಆ ತುದಿಯಲ್ಲಿದ್ದ ಹಿರಿಯರ ಹತ್ತಿರ ಮಳೆ ಮಾತಾಯಿತು, ಕಾಳುಮೆಣಸಿನ ರೇಟಾಯಿತು. ಆಮೇಲೆ ಕೇಳಿದೆ.

"ಗೌಡ್ರೇ, ಈ ಬಿಸಿಲಲ್ಲಿ ತೋಟಕ್ಕೆ ಎಲ್ಲಿಂದ ನೀರು ಎಳೀತೀರಿ?"

"ನಮ್ಮ ಕೆಳಗಿನ ಹಳ್ಳದ ಗುಂಡಿ ಐತಲ್ಲ, ಎರಡು ತೋಟದ ಪಂಪು ಇಟ್ರೂ ತಳ ಕಾಣಲ್ಲ ಅದು."

ಈಜಬಹುದಾ ಅಂದೆ. ನನ್ನ ಹೊಟ್ಟೆ ನೋಡಿದರು, ಭಾಮೈದನ ಕೈಯಲ್ಲಿದ್ದ ಫೋನು ನೋಡಿದರು. ಈಜು ಬರುತ್ತಾ, ಕುಡಿದಿದ್ದೀರಾ, ಎಷ್ಟು ಜನ ಅಂತೆಲ್ಲಾ ವಿಚಾರಿಸಿದರು. ಆಮೇಲೆ ಯಾವ ನಕ್ಷೆಯಲ್ಲೂ ಇಲ್ಲದ ವಿಷಯ ಒಂದೊಂದೇ ಬಂತು. ಈಚೆ ದಡ ಮರಳು, ಎದೆಮಟ್ಟ. ಆಚೆ ಬಂಡೆ ಕೆಳಗೆ ಎರಡಾಳು ಆಳ, ಅಲ್ಲಿ ಹಳೇ ಮರದ ದಿಮ್ಮಿ ಸಿಕ್ಕಿಕೊಂಡಿದೆ, ಧುಮುಕಬೇಡಿ. ಪಂಪು ಓಡುವಾಗ ಇಳೀಬೇಡಿ. ನೀರು ಕೆಂಪಗಾಗಿ ತರಗೆಲೆ ತೇಲಿಬಂದರೆ ಮೇಲೆ ಮಳೆ ಆಗಿದೆ ಅಂತ, ತಕ್ಷಣ ಹತ್ತಿಬಿಡಿ. ಸಂಜೆ ನಾಲ್ಕರ ಮೇಲೆ ಇರಬೇಡಿ, ಆನೆ ನೀರಿಗೆ ಬರುತ್ತವೆ.

ದಾರಿಯಲ್ಲಿ ಒಂದು ಗೇಟು ಇತ್ತು. ಬೀಗವೂ ಇತ್ತು. ಗೌಡರು ಒಂದು ಫೋನು ಮಾಡಿದರು, "ನಮ್ಮೋರೇ, ಬಿಡಿ" ಅಂದರು. ಗೇಟು ತೆಗೆಯಿತು. ಕಾರು ತಿರುಗಿಸಲು ಜಾಗ ಇದೆಯಾ ಅಂತ ನಾನು ಮೊದಲೇ ಕೇಳಿಕೊಂಡಿದ್ದೆ.

ನೀರಿನ ಬಗ್ಗೆ ಜಾಸ್ತಿ ಬರೆಯಲ್ಲ. ತಣ್ಣಗಿತ್ತು. ಎರಡು ಗಂಟೆ ಇದ್ದೆವು.

ಖರ್ಚು ನೋಡಿ. ಬೆಂಚಿಗೆ ನಾಲ್ಕು ಕಾಫಿ, ಒಂದು ಪ್ಲೇಟ್ ಬಜ್ಜಿ, ನೂರು ರೂಪಾಯಿ ಒಳಗೆ. ನಕ್ಷೆಗೆ ದುಡ್ಡಿಲ್ಲ, ನಾಲ್ಕು ರಾತ್ರಿ ನಿದ್ದೆ. ರೀಲಿಗೆ ಕ್ಲಚ್ ಪ್ಲೇಟು. ನಿಮಗೆ ಅಪರಿಚಿತರ ಜೊತೆ ಮಾತಾಡೋಕೆ ಮುಜುಗರ ಅಂದರೆ, ಅಥವಾ ಕನ್ನಡ ಬರದ ಗೆಳೆಯರ ಗುಂಪಿನಲ್ಲಿ ಹೋಗುತ್ತೀರಿ ಅಂದರೆ, ನಕ್ಷೆಯೇ ಸರಿ. ಕಾಲಲ್ಲಿ ಶಕ್ತಿ, ಕೈಯಲ್ಲಿ ಎರಡು ದಿನ ಇರಬೇಕು ಅಷ್ಟೇ. ನಾನು ಈಗಲೂ ನಕ್ಷೆ ಒಯ್ಯುತ್ತೇನೆ, ಯಾವ ಊರಿನ ಗೂಡಂಗಡಿಯಲ್ಲಿ ಕೂರಬೇಕು ಅಂತ ನೋಡೋಕೆ. ಜೂನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಮೂರೂ ಬೇಡ, ಈಜುಕೊಳದ ವಿಷಲ್ಲೇ ವಾಸಿ.

ಗುಂಡಿಯ ಹತ್ತಿರ ನೆಟ್‌ವರ್ಕ್ ಇರಲಿಲ್ಲ. ವಾಪಸ್ ಬರುವಾಗ ಹಾಸನದ ಹತ್ತಿರ ಒಂದು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಭಾಮೈದ ತನ್ನ ರೀಲು ಹಾಕಲು ಕೂತ. ಲೊಕೇಶನ್ ಒತ್ತಿದರೆ ಪಟ್ಟಿಯ ಮೊದಲಿಗೆ ಬಂದದ್ದು ನಾವು ಕೂತಿದ್ದ ಹೋಟೆಲಿನ ಹೆಸರು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಭಾವ, ಇದನ್ನೇ ಹಾಕ್ಲಾ?"

ಹಾಕು ಅಂದೆ.