ಕೇಸ್ ಗಟ್ಟಿ, ಗಾಜು ಸುಳ್ಳುಬುರುಕ: ಎರಡು ಸೀಸನ್ ಬಳಸಿದ ಮೇಲೆ

ನೇತ್ರಾಣಿ ದ್ವೀಪದ ಬಳಿ, ನೀರು ಹೋಗದ ಈ ಕೇಸಿನೊಳಗೆ ಕ್ಯಾಮೆರಾ ಇಟ್ಟು ಮುಳುಗಿದ್ದಾಗ, ದೂರ ಗೊತ್ತಾಗಲೆಂದು ಹಿಡಿದ ಒಂದು ಮೀಟರ್ ಕೋಲಿನ ತುದಿಗೇ ಸುಳಿದ ಮುರು ಮೀನಿನ ಫೋಟೋ ತೆಗೆದು, ಉದ್ದ ಲೆಕ್ಕ ಹಾಕಿ ಹೇಳಿದರೆ ಮೀನುಗಾರ ಗೆಳೆಯ ನಕ್ಕುಬಿಟ್ಟ. "ಮಾರಾಯ, ಬಾಯಲ್ಲಿ ಮೀನು ಬೆಳೆಸ್ಬೇಡ." ಮುಂದಿನ ಸಲ ಅದೇ ಕೋಲಿನ ತುದಿಗೆ 30 ಸೆಂ.ಮೀ. ಸ್ಟೀಲ್ ಸ್ಕೇಲ್ ಕಟ್ಟಿಕೊಂಡು ಇಳಿದೆ. ಲೆಕ್ಕದಲ್ಲಿ ಬಂದದ್ದು 40!

ತಪ್ಪು ಕೇಸಿನ ಮುಂದಿನ ಚಪ್ಪಟೆ ಗಾಜಿನದು. ಹೊರಗೆ ಸಮುದ್ರದ ನೀರು, ವಕ್ರೀಭವನಾಂಕ ಸುಮಾರು 1.34, ಒಳಗೆ ಗಾಳಿ. ದಾಟುವಾಗ ಬೆಳಕು ಬಾಗಿ, ಎಲ್ಲವೂ ಮೂರನೇ ಒಂದು ಪಾಲು ಹಿಗ್ಗಿ ಕಾಣುತ್ತದೆ. 90 ಡಿಗ್ರಿ ನೋಟ 64ಕ್ಕೆ ಕುಗ್ಗುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ 'ವೈಡ್' ಅಂತ ಅಚ್ಚು ಹಾಕಿದವರು ಇದನ್ನು ಒಂದು ಸಾಲಲ್ಲಾದರೂ ಬರೆಯಬಾರದಿತ್ತೇ? ನನ್ನದೂ ಪೆದ್ದುತನವೇ ಅನ್ನಿ, ಕ್ಯಾಲಿಬ್ರೇಷನ್ (ಫೋಟೋದ ಅಳತೆಯನ್ನು ನಿಜದ ಅಳತೆಗೆ ಹೊಂದಿಸುವುದು) ಮಾಡಿದ್ದು ತಾರಸಿಯ ಮೇಲೆ, ಗಾಳಿಯಲ್ಲಿ.

ಆಮೇಲೆ ಅದನ್ನೇ ನೀರಲ್ಲಿ ಮಾಡಲು ತೋಟದ ತೊಟ್ಟಿಗೇ ಇಳಿದೆ. ಚೌಕಳಿ ಹಾಳೆ ಲ್ಯಾಮಿನೇಟ್ ಮಾಡಿಸಿದ್ದೆ, ನೀರಲ್ಲಿ ಬಾಗಿತು. ಅಕ್ರಿಲಿಕ್ ಹಲಗೆಗೆ ಅಂಟಿಸಿದ ಮೇಲೆ ಸರಿಹೋಯಿತು. ಓರೆ, ನೇರ, ಮೂಲೆ ಅಂತ ನಲವತ್ತು ಫೋಟೋ. ರಾತ್ರಿ ಓಪನ್‌ಸಿವಿ ಎಂಬ ಚಿತ್ರ ಲೆಕ್ಕದ ತಂತ್ರಾಂಶಕ್ಕೆ ಕೊಟ್ಟರೆ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವ ಅಳತೆ) ತಾರಸಿಯದಕ್ಕಿಂತ ಸರಿಯಾಗಿ 1.33 ಪಟ್ಟು, ಸಿಹಿನೀರಿನ ವಕ್ರೀಭವನಾಂಕವೇ! ಹೈಸ್ಕೂಲಿನ ಪಾಠ ಅಡಿಕೆ ತೋಟದಲ್ಲಿ ಎದ್ದು ಬಂದ ಹಾಗಾಯಿತು. ಅವತ್ತಿನಿಂದ ಈ ಕೇಸಿನ ಮೇಲೆ ಸಿಟ್ಟು ಅರ್ಧ ಇಳಿದಿದೆ.

ಅರ್ಧ ಮಾತ್ರ. ಮೂಲೆಗಳಲ್ಲಿ ನೇರ ಗೆರೆ ಸೊಟ್ಟಗಾಗುತ್ತದೆ, ಅಂಚಿಗೆ ಕೆಂಪು-ನೀಲಿ ಜರಿ ಬೇರೆ. ಚಪ್ಪಟೆ ಗಾಜಿನ ಹಿಂದೆ ಕಿರಣಗಳೆಲ್ಲ ಒಂದೇ ಬಿಂದುವಿಗೆ ಸೇರುವುದಿಲ್ಲವಾದ್ದರಿಂದ, ಒಂದು ಮೀಟರಿಗೆ ಹೊಂದಿಸಿದ ಲೆಕ್ಕ ತೀರಾ ಹತ್ತಿರದ ವಸ್ತುವಿಗೆ ಕೈಕೊಡುತ್ತದೆ. ಡೋಮ್, ಅಂದರೆ ಅರ್ಧಗೋಳದ ಹಾಗೆ ಉಬ್ಬಿದ ಗಾಜು, ಕೊಳ್ಳಬಹುದು, ಆದರೆ ಅದರ ಬೆಲೆಗೆ ಇನ್ನೊಂದು ಕ್ಯಾಮೆರಾ ಬರುತ್ತದೆ. ಅಲ್ಲದೆ ಲೆನ್ಸ್ ಡೋಮಿನ ಕೇಂದ್ರದಲ್ಲಿ ಕೂರದಿದ್ದರೆ ಅದರದ್ದೂ ಇದೇ ಗೋಳು.

ನೀರು ಮಾತ್ರ ಒಂದು ಹನಿಯೂ ಒಳಗೆ ಬಂದಿಲ್ಲ. ಇಳಿಯುವ ಹಿಂದಿನ ರಾತ್ರಿ ಊಟ ಆದಮೇಲೆ ಓ-ರಿಂಗ್ (ಕೇಸಿನ ಸಂದಿಯಲ್ಲಿ ಕೂರುವ ರಬ್ಬರ್ ಬಳೆ) ಬಿಚ್ಚಿ, ಬೆರಳಲ್ಲಿ ಸುತ್ತ ತಡವಿ ಕೂದಲು, ಮರಳು ನೋಡಿ, ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರುತ್ತೇನೆ. ಖಾಲಿ ಕೇಸನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಏಳದಿದ್ದರೆ ನಿದ್ದೆ.

ಗೆಳೆಯ ಈಗಲೂ ನಾನು ಹೇಳಿದ ಮೀನನ್ನು ನಾಲ್ಕರಲ್ಲಿ ಮೂರು ಪಾಲು ಮಾಡಿಯೇ ನಂಬುವುದು.