ಯೆಲ್ಲೋಸ್ಟೋನ್: ಪಾರ್ಕ್ ಒಳಗೆ ಟೆಂಟ್ ಹಾಕೋದಾ, ಗೇಟಿನ ಹೊರಗಾ?

ಪಶ್ಚಿಮದ ಗೇಟಿನಿಂದ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿಗೆ ತಂಗಲು ಎರಡು ದಾರಿ. ಒಂದು, ಪಾರ್ಕ್ ಒಳಗಿನ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್. ಇನ್ನೊಂದು, ಗೇಟಿನಾಚೆ ವೆಸ್ಟ್ ಯೆಲ್ಲೋಸ್ಟೋನ್ ಊರಿನ ಸುತ್ತಮುತ್ತ ಇರುವ ಖಾಸಗಿ ಕ್ಯಾಂಪ್‌ಗಳು.

ನನ್ನನ್ನು ಕೇಳಿದರೆ ಮ್ಯಾಡಿಸನ್. ಮುಖ್ಯ ಕಾರಣ ಬೆಳಗಿನ ಹೊತ್ತು. ಓಲ್ಡ್ ಫೇಯ್ತ್‌ಫುಲ್ ಬಿಸಿನೀರ ಬುಗ್ಗೆ ಅಲ್ಲಿಂದ ಸುಮಾರು 26 ಕಿಲೋಮೀಟರ್. ಹೊರಗಿನ ಊರಿಂದ ಹತ್ತಿರ ಹತ್ತಿರ 50. ದೂರಕ್ಕಿಂತ ದೊಡ್ಡ ತೊಂದರೆ ದಾರಿಯಲ್ಲಿದೆ. ಕಾಡೆಮ್ಮೆಯಂಥ ಬೈಸನ್‌ಗಳ ಹಿಂಡು ರಸ್ತೆಗೆ ಇಳಿದರೆ ಕಾರುಗಳೆಲ್ಲ ಸಾಲಾಗಿ ನಿಲ್ಲಬೇಕು. ಅವು ದಾಟುವ ತನಕ ಕಾಯದೆ ಬೇರೆ ದಾರಿಯಿಲ್ಲ. ಒಳಗೇ ಇದ್ದವರು ಜನ ಬರುವ ಮೊದಲೇ ಬುಗ್ಗೆಗಳ ಹತ್ತಿರ ಇರಬಹುದು, ಅಲ್ವಾ?

ಆದರೆ ಮ್ಯಾಡಿಸನ್‌ನಲ್ಲಿ ಸ್ನಾನಕ್ಕೆ ಶವರ್ ಇಲ್ಲ, ಕರೆಂಟ್ ಕನೆಕ್ಷನ್ ಇಲ್ಲ. ಬೇಸಿಗೆಗೆ ಜಾಗ ಬೇಕಾದರೆ ಬಹಳ ಮೊದಲೇ ಬುಕ್ ಮಾಡಬೇಕು. ಜುಲೈನಲ್ಲೂ ರಾತ್ರಿ ಚಳಿ ಜಾಸ್ತಿ, ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು. ಕರಡಿಗಳಿರುವ ಕಾಡಿದು. ಊಟದ ಸಾಮಾನಷ್ಟೇ ಅಲ್ಲ, ಟೂತ್‌ಪೇಸ್ಟನ್ನೂ ಟೆಂಟಿನಲ್ಲಿ ಇಡಬಾರದು.

ಪುಟ್ಟ ಮಕ್ಕಳಿದ್ದರೆ, ಬಿಸಿನೀರ ಸ್ನಾನ, ಬಟ್ಟೆ ಒಗೆಯುವ ಮೆಷಿನ್, ಅಂಗಡಿ ಹತ್ತಿರ ಇರಲಿ ಅನ್ನಿಸಿದರೆ ಹೊರಗಿನ ಕ್ಯಾಂಪೇ ವಾಸಿ. ಆರ್‌ವಿಯಲ್ಲಿ, ಅಂದರೆ ಮಲಗಲು ಅಡುಗೆಗೆ ಜಾಗವಿರುವ ಮನೆಯಂಥ ಗಾಡಿಯಲ್ಲಿ, ಬರುವವರು ಪಾರ್ಕ್ ಒಳಗಿನ ಫಿಶಿಂಗ್ ಬ್ರಿಡ್ಜ್ ಅನ್ನೋ ಕ್ಯಾಂಪನ್ನೂ ನೋಡಬಹುದು. ಅಲ್ಲಿ ನೀರು, ಕರೆಂಟ್, ಒಳಚರಂಡಿ ಮೂರೂ ಸಿಗುತ್ತದೆ. ಗ್ರಿಜ್ಲಿ ಕರಡಿಗಳು ಓಡಾಡುವ ಜಾಗವಾದ್ದರಿಂದ ಟೆಂಟ್‌ಗೆ ಮಾತ್ರ ಅನುಮತಿಯಿಲ್ಲ.